ದಿನದ ಹೊರೆ ಹೊತ್ತವರು

ಪ್ರತಿ ವರ್ಷ ಮಾರ್ಚ್ ಮೂರನೇ ವಾರ ಬಂತೆಂದರೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂದೇ ಬರುತ್ತದೆ. ಮಾಯಾ ಜನ ಕಟ್ಟಿದ ಮೆಕ್ಸಿಕೊದ ಪಿರಮಿಡ್ಡು, ಅದರ ಮೆಟ್ಟಿಲ ಅಂಚಿನ ಮೇಲೆ ಬಿಸಿಲು-ನೆರಳಿನ ಹಾವು, ಹಿನ್ನೆಲೆಯಲ್ಲಿ ಕೊಳಲು. ಕೆಳಗೆ ಯಾರಾದರೂ ಕೇಳುತ್ತಾರೆ: "ಆ ಕಾಲದಲ್ಲಿ ಇದೆಲ್ಲ ಹೇಗೆ ಸಾಧ್ಯ ಆಯ್ತು?" ಉತ್ತರಗಳೂ ಪ್ರತಿ ವರ್ಷ ಅವೇ. ಒಬ್ಬರು ಅನ್ಯಗ್ರಹದವರನ್ನು ಇಳಿಸುತ್ತಾರೆ. ಇನ್ನೊಬ್ಬರು ಪಾಂಡವರಿಗೆ ಸಭೆ ಕಟ್ಟಿಕೊಟ್ಟ ಮಯನನ್ನು ಮೆಕ್ಸಿಕೊಗೆ ಕಳಿಸುತ್ತಾರೆ. ಮೂರನೆಯವರು "ಅಷ್ಟೆಲ್ಲ ತಿಳಿದವರು ಎಲ್ಲಿ ಹೋದರೋ" ಎಂದು ನಿಟ್ಟುಸಿರು ಬಿಡುತ್ತಾರೆ. ಅಷ್ಟರಲ್ಲಿ ಯಾರದೋ ಹುಟ್ಟುಹಬ್ಬ ಬರುತ್ತದೆ, ಕೇಕಿನ ಫೋಟೊಗಳ ಕೆಳಗೆ ಹಾವು ಮುಚ್ಚಿಹೋಗುತ್ತದೆ.

ಹೇಗೆ ಸಾಧ್ಯ, ಎಲ್ಲಿ ಹೋದರು. ಈ ಎರಡು ಪ್ರಶ್ನೆಗಳು ನನಗೆ ಬಹಳ ದಿನದಿಂದ ಕಿರಿಕಿರಿ ಮಾಡುತ್ತಿವೆ. ಕೇಳಲು ಹೊಗಳಿಕೆಯ ಹಾಗೇ ಇವೆ. ಆದರೆ ಗ್ರೀಕರು ಕಂಬ ನಿಲ್ಲಿಸಿದರೆ ಯಾರೂ "ಹೇಗೆ ಸಾಧ್ಯ" ಅನ್ನುವುದಿಲ್ಲ. ಕಾಡಿನ ನಡುವೆ, ಲೋಹದ ಉಪಕರಣವಿಲ್ಲದೆ, ಎತ್ತು-ಕುದುರೆ ಇಲ್ಲದೆ ನಗರ ಕಟ್ಟಿದವರ ಬಗ್ಗೆ ಮಾತ್ರ ಈ ಬೆರಗು. ಇವರ ಕೈಲಿ ಆಗಿರಲಿಕ್ಕಿಲ್ಲ, ಬೇರೆ ಯಾರೋ ಮಾಡಿಕೊಟ್ಟಿರಬೇಕು ಎನ್ನುವ ಅನುಮಾನ ಅದರೊಳಗೆ ಕೂತಿದೆ. ಎರಡನೇ ಪ್ರಶ್ನೆಯಂತೂ ಇನ್ನೂ ವಿಚಿತ್ರ. ಆ ಪಿರಮಿಡ್ಡಿನ ಸುತ್ತ ಇವತ್ತಿಗೂ ಅದೇ ಜನ ಇದ್ದಾರೆ. ನಾನೇ ಅವರ ಹತ್ತಿರ ಚೌಕಾಸಿ ಮಾಡಿ ಬಂದಿದ್ದೇನೆ.

ಮೆಟ್ಟಿಲ ಮೇಲಿನ ಹಾವು

ಕೆಲಸದ ಮೇಲೆ ಟೆಕ್ಸಾಸ್‌ನಲ್ಲಿದ್ದಾಗ ಒಂದು ಉದ್ದನೆಯ ವಾರಾಂತ್ಯಕ್ಕೆ ಕ್ಯಾನ್‌ಕೂನ್‌ಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಆ ಪಿರಮಿಡ್ಡು ಇರುವ ಚಿಚೆನ್ ಇಟ್ಸಾಕ್ಕೆ ಹೋಗಿದ್ದೆ. ಅದು ಮಾರ್ಚ್ ಅಲ್ಲ, ಹಾವಿನ ದಿನ ಅಲ್ಲ. ಬಿಸಿಲು ಮಾತ್ರ ರಾಯಚೂರನ್ನು ನೆನಪಿಸುವಷ್ಟಿತ್ತು. ಕುಕುಲ್ಕಾನ್ ದೇವಾಲಯ, ಸ್ಪೇನಿನವರ ಬಾಯಲ್ಲಿ ಎಲ್ ಕಾಸ್ತಿಯೊ, ಬಯಲ ಮಧ್ಯೆ ಒಂಟಿಯಾಗಿ ನಿಂತಿದೆ. ಮೇಲಿನ ಗುಡಿಯೂ ಸೇರಿ ಸುಮಾರು 30 ಮೀಟರ್ ಎತ್ತರ. ಈಗ ಹತ್ತಲು ಬಿಡುವುದಿಲ್ಲ. ಹಾಗಾಗಿ ಜನ ಕೆಳಗೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಉತ್ತರದ ಮೆಟ್ಟಿಲ ಎದುರು ನಿಂತು ಜೋರಾಗಿ ಒಮ್ಮೆ ತಟ್ಟಿದರೆ, ತಿರುಗಿ ಬರುವುದು ಚಪ್ಪಾಳೆಯ ಸದ್ದಲ್ಲ, ಹಕ್ಕಿಯ ಕೂಗಿನಂಥ ಒಂದು ಚೀರು. ಅದು ಕ್ವೆಟ್ಸಾಲ್ ಹಕ್ಕಿಯ ದನಿ ಎಂದು ಗೈಡುಗಳು ಹೇಳುತ್ತಾರೆ. ಕಟ್ಟಿದವರಿಗೆ ಅದು ಬೇಕಿತ್ತೋ, ಕಡಿದಾದ ಮೆಟ್ಟಿಲುಗಳಿಂದ ತಾನಾಗಿ ಬಂತೋ ಹೇಳಲು ಬರುವುದಿಲ್ಲ. ನಮ್ಮ ಗೈಡ್ ಮಾತ್ರ ಆ ಪ್ರಶ್ನೆಗೆ ಸೊಪ್ಪು ಹಾಕಲಿಲ್ಲ. ಇನ್ನೊಮ್ಮೆ ತಟ್ಟಿ ಅಂದ.

ಮರದ ನೆರಳಿನ ಉದ್ದಕ್ಕೂ ಸಾಮಾನು ಮಾರುವವರು. ಊದಿದರೆ ಜಾಗ್ವಾರ್ ಗುರುಗುಟ್ಟುವಂಥ ಪೀಪಿ, ಮರದ ಮುಖವಾಡ, ಕಸೂತಿ ಹಾಕಿದ ಬಿಳಿ ಉಡುಪು. ಕಸೂತಿ ಮಾರುತ್ತಿದ್ದ ಒಬ್ಬ ಹೆಂಗಸು ನನ್ನ ಹತ್ತಿರ ಸ್ಪ್ಯಾನಿಷ್ ಮತ್ತು ಅರ್ಧಂಬರ್ಧ ಇಂಗ್ಲಿಷಿನಲ್ಲಿ ಬೆಲೆ ಹೇಳಿ, ಪಕ್ಕದ ಅಂಗಡಿಯವಳ ಕಡೆ ತಿರುಗಿ ಬೇರೆಯೇ ಭಾಷೆಯಲ್ಲಿ ಏನೋ ಅಂದಳು. ಇಬ್ಬರೂ ನಕ್ಕರು. ನನ್ನ ಬಗ್ಗೆಯೇ ಇರಬೇಕು. ಯಾವ ಭಾಷೆ ಎಂದು ಕೇಳಿದೆ. "ಮಾಯಾ" ಅಂದಳು, ಇದೇನು ಕೇಳುವ ವಿಷಯವೇ ಎಂಬ ಮುಖದಲ್ಲಿ. ನನ್ನ ಹಿಂದೆ ಇದ್ದ ಪ್ರವಾಸಿ ಗುಂಪಿನ ಗೈಡ್ ಅದೇ ಹೊತ್ತಿಗೆ "ಆ ನಿಗೂಢ ಜನಾಂಗ ಕಣ್ಮರೆಯಾದ ಕಥೆ" ಶುರು ಮಾಡಿದ್ದ. ಆ ಹೆಂಗಸು ಬಟ್ಟೆ ಮಡಚುತ್ತಾ ಕೇಳಿಸಿಕೊಳ್ಳುತ್ತಿದ್ದಳು. ದಿನಕ್ಕೆ ಎಷ್ಟು ಸಲ ಕೇಳಿರುತ್ತಾಳೋ.

ಇನ್ನು ಆ ಹಾವು. ನಾಲ್ಕು ಕಡೆ 91 ಮೆಟ್ಟಿಲು, ಒಟ್ಟು 364, ಮೇಲಿನ ಕಟ್ಟೆ ಸೇರಿದರೆ 365. ಇದು ಈಗಿನವರು ಹುಟ್ಟಿಸಿದ ಲೆಕ್ಕವಲ್ಲ. 16ನೇ ಶತಮಾನದಲ್ಲಿ ಅಲ್ಲಿಗೆ ಬಂದ ಪಾದ್ರಿ ಡಿಯೆಗೋ ಡಿ ಲಾಂಡಾ ಕೂಡ 91 ಎಂದೇ ಬರೆದಿದ್ದಾನೆ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹಗಲು-ರಾತ್ರಿ ಸಮ ಆಗುವ ಹೊತ್ತಿಗೆ, ಸಂಜೆಯ ಬಿಸಿಲಿನಲ್ಲಿ ಪಿರಮಿಡ್ಡಿನ ವಾಯವ್ಯ ಮೂಲೆಯ ನೆರಳು ಉತ್ತರದ ಮೆಟ್ಟಿಲ ಕಟಾಂಜನದ ಮೇಲೆ ಬೀಳುತ್ತದೆ. ಬೆಳಕಿನ ತ್ರಿಕೋನಗಳ ಸಾಲೊಂದು ಮೂಡಿ, ತಳದಲ್ಲಿ ಬಾಯ್ತೆರೆದ ಕಲ್ಲಿನ ಹಾವಿನ ತಲೆಗೆ ಸೇರಿಕೊಳ್ಳುತ್ತದೆ. ನೋಡಲು ಸಾವಿರಾರು ಜನ ಸೇರುತ್ತಾರೆ. ಆದರೆ ವಿಡಿಯೊ ಹೇಳದ ಮಾತೂ ಇದೆ. ಈ ಆಟ ಒಂದೇ ದಿನದ್ದಲ್ಲ. ಹಿಂದೆ-ಮುಂದೆ ಹಲವು ದಿನ ಹೆಚ್ಚು ಕಡಿಮೆ ಹಾಗೇ ಕಾಣುತ್ತದೆ. ಇದಕ್ಕೆಂದೇ ಕಟ್ಟಿದೆವು ಎಂದು ಹೇಳುವ ಶಾಸನ ಯಾವುದೂ ಇಲ್ಲ. ನಾವು ಇವತ್ತು ನೋಡುವ ಕಟ್ಟಡದ ಎಷ್ಟೋ ಭಾಗ 20ನೇ ಶತಮಾನದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದು. ಹಾಗಂತ ಇದು ಬರೀ ಕಾಕತಾಳೀಯ ಎಂದು ನಾನು ವಾದಿಸುವುದಿಲ್ಲ. ಹಾವಿನ ತಲೆ ಸರಿಯಾಗಿ ಅದೇ ಮೆಟ್ಟಿಲ ಬುಡದಲ್ಲಿದೆಯಲ್ಲ. ಆದರೆ ಅವರ ಖಗೋಳ ಜ್ಞಾನಕ್ಕೆ ಇದೇ ದೊಡ್ಡ ಸಾಕ್ಷಿ ಎಂದು ಹಿಡಿದುಕೊಂಡರೆ, ಗಟ್ಟಿ ಸಾಕ್ಷಿಗಳನ್ನು ಬಿಟ್ಟು ಮೆದುವಾದದ್ದನ್ನು ಹಿಡಿದ ಹಾಗಾಗುತ್ತದೆ.

ನನಗೆ ಇನ್ನೊಂದು ಅನುಮಾನವೂ ಇದೆ. ಸಮರಾತ್ರಿ ಎನ್ನುವುದು ತಂಪು ದೇಶದವರಿಗೆ ದೊಡ್ಡದು. ಉಷ್ಣವಲಯದಲ್ಲಿ ಇರುವವರಿಗೆ ಅದಕ್ಕಿಂತ ಸುಲಭವಾಗಿ ಕಣ್ಣಿಗೆ ಬೀಳುವ ದಿನ ಬೇರೆ ಇದೆ. ಸೂರ್ಯ ನೆತ್ತಿಯ ಮೇಲೆ ನೇರ ನಿಂತು, ನಿಲ್ಲಿಸಿದ ಕೋಲಿಗೆ ನೆರಳೇ ಇಲ್ಲದ ಮಧ್ಯಾಹ್ನ. ಬೆಂಗಳೂರಿನಲ್ಲಿ ಅದು ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ಬರುತ್ತದೆ. ಶೂನ್ಯ ನೆರಳಿನ ದಿನ ಎಂದು ಶಾಲೆ ಮಕ್ಕಳು ನೀರಿನ ಬಾಟಲಿ ನಿಲ್ಲಿಸಿ ನೋಡುತ್ತಾರೆ. ಚಿಚೆನ್ ಇಟ್ಸಾದಲ್ಲಿ ಅದು ಮೇ ಕೊನೆಯ ಭಾಗ, ಆಮೇಲೆ ಜುಲೈ ದ್ವಿತೀಯಾರ್ಧ. ಮೇ ತಿಂಗಳದ್ದು ಸರಿಯಾಗಿ ಮಳೆ ಹಿಡಿಯುವ, ಮೆಕ್ಕೆಜೋಳ ಬಿತ್ತುವ ಕಾಲ. ಲಂಡನ್ನಿನಲ್ಲೋ ಬರ್ಲಿನ್ನಿನಲ್ಲೋ ಬೆಳೆದವರಿಗೆ ಜೀವನದಲ್ಲಿ ಒಮ್ಮೆಯೂ ಕಾಣದ ಸಂಗತಿ ಇದು. ಸಮರಾತ್ರಿಗೆ ಸಿಕ್ಕಷ್ಟು ಪ್ರಚಾರ ಇದಕ್ಕೆ ಸಿಗದಿರಲು ಅದೂ ಒಂದು ಕಾರಣ ಇರಬಹುದು, ಅಲ್ವಾ?

ಹಾವಿನ ಬಾಯಿಂದ ಬಂದವನು

ಕುಕುಲ್ಕಾನ್ ಎಂದರೆ ಗರಿ ಇರುವ ಹಾವು. ಈ ಗರಿಯ ಹಾವು ಮಾಯಾ ಜನರ ಸ್ವಂತದ್ದು ಮಾತ್ರ ಅಲ್ಲ. ಮಧ್ಯ ಮೆಕ್ಸಿಕೊದ ತಿಯೋತಿವಾಕಾನ್‌ನಲ್ಲಿ ಚಿಚೆನ್ ಇಟ್ಸಾಕ್ಕಿಂತ ಎಷ್ಟೋ ಶತಮಾನ ಮೊದಲೇ ಅದಕ್ಕೆ ಗುಡಿ ಇತ್ತು. ಆಸ್ಟೆಕ್ ಜನ ಅದನ್ನೇ ಕ್ವೆಟ್ಸಾಲ್‌ಕೋಟ್ಲ್ ಎಂದು ಕರೆದರು. ಗ್ವಾಟೆಮಾಲಾದ ಕಿಚೆ ಮಾಯಾ ಜನರ ಪೊಪೊಲ್ ವುಹ್ ಕಥೆ ಶುರುವಾಗುವುದೇ ಇಂಥ ಹಾವಿನಿಂದ. ಇನ್ನೂ ಭೂಮಿ ಇಲ್ಲ. ಮೇಲೆ ಆಕಾಶ, ಕೆಳಗೆ ಅಲುಗಾಡದ ನೀರು. ಆ ನೀರಿನಲ್ಲಿ ಹಸಿರು-ನೀಲಿ ಗರಿ ಹೊದ್ದುಕೊಂಡು ಕುಕುಮಾತ್ಸ್ ಇದ್ದಾನೆ. ದೇವರುಗಳು ಮಾತಾಡಿಕೊಂಡು, ಯೋಚಿಸಿ, "ಭೂಮಿ" ಎಂದರು, ಭೂಮಿ ಎದ್ದಿತು. ಆಮೇಲೆ ಮನುಷ್ಯನನ್ನು ಮಾಡಲು ಹೊರಟರು. ಮಣ್ಣಿನಲ್ಲಿ ಮಾಡಿದ್ದು ನೀರಿನಲ್ಲಿ ಕರಗಿತು. ಮರದಲ್ಲಿ ಮಾಡಿದ್ದಕ್ಕೆ ಮನಸ್ಸಿರಲಿಲ್ಲ. ಕೊನೆಗೆ ಹಳದಿ ಮತ್ತು ಬಿಳಿ ಮೆಕ್ಕೆಜೋಳ ಅರೆದು, ಆ ಹಿಟ್ಟಿನಿಂದ ಮಾಡಿದಾಗ ಮನುಷ್ಯ ಬಂದ. ದೇವರುಗಳೂ ಮಾಡಿ ನೋಡಿ, ಕೆಡಿಸಿ, ಮತ್ತೆ ಮಾಡಿದರು ಎನ್ನುವುದು ನನಗೆ ಈ ಕಥೆಯಲ್ಲಿ ಬಹಳ ಇಷ್ಟ.

ಆದರೆ ಮಾಯಾ ಹಾವುಗಳಲ್ಲಿ ನನ್ನನ್ನು ಬಿಡದೆ ಕಾಡುವುದು ಪಿರಮಿಡ್ಡಿನದ್ದಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಎರಡು ಕಲ್ಲಿನ ಹಲಗೆಗಳು. ಯಾಶ್‌ಚಿಲಾನ್ ಎಂಬ ಊರಿನ ಒಂದು ಮನೆಯ ಬಾಗಿಲ ಮೇಲಿದ್ದವು. 19ನೇ ಶತಮಾನದಲ್ಲಿ ಆಲ್‌ಫ್ರೆಡ್ ಮಾಡ್‌ಸ್ಲಿ ಎಂಬ ಇಂಗ್ಲಿಷಿನವನು ಅವನ್ನು ಸಾಗಿಸಿದ. ಮೊದಲನೆಯದರಲ್ಲಿ ರಾಣಿ ಕಬಾಲ್ ಶೋಕ್ ಮಂಡಿಯೂರಿ ಕೂತಿದ್ದಾಳೆ. ಮುಳ್ಳು ಪೋಣಿಸಿದ ಹಗ್ಗವನ್ನು ತನ್ನ ನಾಲಿಗೆಯೊಳಗಿಂದ ಎಳೆಯುತ್ತಿದ್ದಾಳೆ. ಗಂಡ, ಊರಿನ ಅರಸ, ಉರಿಯುವ ಪಂಜು ಹಿಡಿದು ನಿಂತಿದ್ದಾನೆ. ಪಕ್ಕದಲ್ಲೇ ತಾರೀಖು ಕೆತ್ತಿದೆ, ನಮ್ಮ ಲೆಕ್ಕದಲ್ಲಿ ಕ್ರಿ.ಶ. 709. ಎರಡನೆಯದರಲ್ಲಿ ರಕ್ತ ನೆನೆದ ಕಾಗದ ಇರುವ ಬಟ್ಟಲಿನಿಂದ ಒಂದು ದೊಡ್ಡ ಹಾವು ಎದ್ದಿದೆ. ಅದರ ತೆರೆದ ಬಾಯಿಂದ ಈಟಿ ಹಿಡಿದ ಒಬ್ಬ ಯೋಧ ಹೊರಗೆ ಬರುತ್ತಿದ್ದಾನೆ. ರಾಣಿ ತಲೆಯೆತ್ತಿ ನೋಡುತ್ತಿದ್ದಾಳೆ. ಹಿರಿಯರು, ದೇವರು ಈ ಲೋಕಕ್ಕೆ ಬರುವ ದಾರಿ ಹಾವಿನ ಗಂಟಲು. ಅದು ತೆರೆಯಬೇಕಾದರೆ ಅರಸರು ತಮ್ಮ ರಕ್ತ ಕೊಡಬೇಕು. ಈ ಕೆತ್ತನೆಯ ಫೋಟೊ ನೋಡುವಾಗ ಮೊದಲು ಕಣ್ಣು ಹೋಗುವುದು ಅವಳ ಉಡುಪಿನ ನೇಯ್ಗೆಗೆ. ಎಳೆ ಎಳೆಯಾಗಿ ಕೆತ್ತಿದ್ದಾರೆ. ಆಮೇಲೆ ಹಗ್ಗ ಕಾಣುತ್ತದೆ. ಮಾಯಾ ಜನರನ್ನು ಶಾಂತಿಪ್ರಿಯ ನಕ್ಷತ್ರ ವೀಕ್ಷಕರು ಎಂದು ಹಿಂದೆ ವಿದ್ವಾಂಸರೇ ನಂಬಿದ್ದರು. ಈ ಹಗ್ಗ ಅವರ ಕಣ್ಣಿಗೆ ಹೇಗೆ ಬೀಳಲಿಲ್ಲವೋ.

ಹಾವು ರಾಜಕೀಯವೂ ಹೌದು. ಕಲಕ್‌ಮುಲ್ ಎಂಬ ಮಾಯಾ ನಗರದಿಂದ ಆಳಿದ ಅರಸರ ಲಾಂಛನವೇ ಹಾವಿನ ತಲೆ. ಅವರೂ ಇನ್ನೊಂದು ಮಾಯಾ ನಗರ ಟಿಕಾಲ್‌ನ ಅರಸರೂ ನೂರಾರು ವರ್ಷ ಬಡಿದಾಡಿದರು. 562ರಲ್ಲಿ ಟಿಕಾಲ್ ಸೋತಿತು, 695ರಲ್ಲಿ ತಿರುಗಿ ಗೆದ್ದಿತು. ಮದುವೆ, ಕಪ್ಪ, ದ್ರೋಹ ಎಲ್ಲ ಇದೆ. ಅದನ್ನು ಬರೆಯಲು ಹೊರಟರೆ ಬೇರೆಯೇ ಬರಹ ಬೇಕು.

ಎರಡು ಚಕ್ರ, ಒಂದು ಉದ್ದ ಲೆಕ್ಕ

ಪಂಚಾಂಗದ ವಿಷಯಕ್ಕೆ ಬಂದರೆ ಅವರದು ಒಂದಲ್ಲ. ಒಂದು 260 ದಿನದ್ದು. 1ರಿಂದ 13ರವರೆಗಿನ ಅಂಕಿ, 20 ದಿನಗಳ ಹೆಸರು, ಎರಡೂ ಒಟ್ಟಿಗೆ ಮುಂದೆ ಸರಿಯುತ್ತವೆ. ಇನ್ನೊಂದು 365 ದಿನದ್ದು: 20 ದಿನದ 18 ತಿಂಗಳು, ಕೊನೆಗೆ ಐದು ಕೆಟ್ಟ ದಿನ. ಆ ಐದು ದಿನ ಜನ ತಲೆ ಬಾಚುತ್ತಿರಲಿಲ್ಲ, ಸ್ನಾನ ಮಾಡುತ್ತಿರಲಿಲ್ಲ ಎಂದು ಲಾಂಡಾ ಬರೆದಿದ್ದಾನೆ. ಇವೆರಡೂ ಚಕ್ರಗಳು ಹೊರಟ ಜಾಗಕ್ಕೆ ಒಟ್ಟಿಗೆ ಮರಳಲು 18,980 ದಿನ ಬೇಕು, ಸುಮಾರು 52 ವರ್ಷ. ನಮ್ಮಲ್ಲಿ 60 ವರ್ಷಕ್ಕೆ ಹುಟ್ಟಿದ ಸಂವತ್ಸರ ಮತ್ತೆ ಬರುತ್ತದೆ, ಷಷ್ಟ್ಯಬ್ದಿ ಮಾಡುತ್ತೇವೆ. ಅಲ್ಲಿ 52ಕ್ಕೆ ಹುಟ್ಟಿದ ದಿನದ ಪೂರ್ತಿ ಹೆಸರು ಮತ್ತೆ ಬರುತ್ತದೆ, ಅಷ್ಟೇ. ಸಂವತ್ಸರದ ತೊಂದರೆಯೇ ಅವರಿಗೂ ಇತ್ತು. ನಂದನ ಸಂವತ್ಸರ ಎಂದು ಮಾತ್ರ ಶಾಸನದಲ್ಲಿ ಬರೆದರೆ ಯಾವ ನಂದನ? 1952ರದ್ದೋ 2012ರದ್ದೋ? ಅದಕ್ಕೆ ನಮ್ಮವರು ಶಕ ವರ್ಷ ಸೇರಿಸಿದರು. ಅವರು ಉದ್ದ ಲೆಕ್ಕ ಸೇರಿಸಿದರು. ಒಂದು ಆರಂಭದ ದಿನದಿಂದ ಇವತ್ತಿಗೆ ಎಷ್ಟು ದಿನ ಕಳೆಯಿತು ಎಂಬ ಲೆಕ್ಕ. 20 ದಿನಕ್ಕೆ ಒಂದು ವಿನಾಲ್, 360ಕ್ಕೆ ತುನ್, 7,200ಕ್ಕೆ ಕತುನ್, 1,44,000ಕ್ಕೆ ಬಕ್ತುನ್. ಸ್ಥಾನ ಖಾಲಿ ಇದ್ದರೆ ಸೊನ್ನೆಗೂ ಗುರುತು ಇದೆ.

ಆ ಆರಂಭದ ದಿನ ಈಗಿನ ಲೆಕ್ಕದಲ್ಲಿ ಕ್ರಿ.ಪೂ. 3114ರ ಆಗಸ್ಟ್. ವಾಟ್ಸಾಪ್ ಗುಂಪಿನ ನಮ್ಮ ಮಾವ ಇಲ್ಲಿಯೇ ಹಿಡಿಯುತ್ತಾರೆ. ಕಲಿಯುಗ ಶುರುವಾದದ್ದು ಕ್ರಿ.ಪೂ. 3102, ಬರೀ 12 ವರ್ಷ ಅಂತರ, ಇದಕ್ಕೇನಂತೀಯ? ನಾನು ಹೇಳುವುದು ಇಷ್ಟು. 3114ರಲ್ಲಿ ಮಾಯಾ ನಗರ ಒಂದೂ ಇರಲಿಲ್ಲ. ಈ ಉದ್ದ ಲೆಕ್ಕದ ಅತಿ ಹಳೆಯ ಶಾಸನಗಳು ಸಿಕ್ಕಿರುವುದು ಕ್ರಿ.ಪೂ. ಮೊದಲನೇ ಶತಮಾನದವು, ಅವೂ ಮಾಯಾ ಸೀಮೆಯ ಹೊರಗೆ. ಚಿಯಾಪಾ ದೆ ಕೋರ್ಸೊದ್ದು ಕ್ರಿ.ಪೂ. 36ರದ್ದು. ಅಂದರೆ ಯಾರೋ ಕೂತು ಹಿಂದಕ್ಕೆ ಎಣಿಸಿ ಅಷ್ಟು ದೂರ ಹೋದರು. ಕಲಿಯ ಆರಂಭವನ್ನೂ ನಮ್ಮ ಜ್ಯೋತಿಷಿಗಳು ಗ್ರಹಗಳ ಲೆಕ್ಕದಿಂದ ಹಿಂದಕ್ಕೆ ಹೋಗಿಯೇ ಇಟ್ಟರು ಎನ್ನುತ್ತಾರೆ. ಕಲಿಯ 3,600 ವರ್ಷ ಕಳೆದಾಗ ತನಗೆ 23 ಎಂದು ಆರ್ಯಭಟ ಲೆಕ್ಕ ಕೊಟ್ಟ. ಅದು ಕ್ರಿ.ಶ. 499. ಭೂಮಿಯ ಎರಡು ಮೂಲೆಯಲ್ಲಿ, ಒಬ್ಬರ ಸುದ್ದಿ ಒಬ್ಬರಿಗಿಲ್ಲದೆ, ಜನ ದಿನಗಳನ್ನು ಒಂದೊಂದಾಗಿ ಕೂಡಿಸುತ್ತಾ ಸಾವಿರಾರು ವರ್ಷ ಹಿಂದಕ್ಕೆ ಹೋದರು. ನನಗೆ ಮಯಾಸುರನ ಕಥೆಗಿಂತ ಇದೇ ದೊಡ್ಡದಾಗಿ ಕಾಣುತ್ತದೆ. ಮಾವನಿಗೆ ಕಾಣುವುದಿಲ್ಲ.

2012ರ ಡಿಸೆಂಬರ್ 21 ನಿಮಗೂ ನೆನಪಿರಬೇಕು. ಆ ದಿನಕ್ಕೆ 13 ಬಕ್ತುನ್ ಮುಗಿಯುತ್ತಿತ್ತು, 18,72,000 ದಿನ. ಅಷ್ಟಕ್ಕೇ ಪ್ರಳಯ ಎಂದರು. ನಾನು ಆಗ ಹಾಸನದ ಕಡೆಯ ನಮ್ಮ ಊರಿನಲ್ಲಿ ರಜೆಯಲ್ಲಿದ್ದೆ. ಬೆಳಿಗ್ಗೆಯಿಂದ ಟಿವಿಯಲ್ಲಿ ಉರಿಯುವ ಭೂಗೋಳ, ಕೆಂಪು ಅಕ್ಷರ, ಮೂವರು ಜ್ಯೋತಿಷಿಗಳ ಜಗಳ. ದೊಡ್ಡಮ್ಮ ಆಗಲೇ ಧನುರ್ಮಾಸದ ಪೂಜೆ ಮುಗಿಸಿ, ಹುಗ್ಗಿ ಬಡಿಸಿ, ಪೇಟೆಗೆ ಹೊರಟು ನಿಂತಿದ್ದರು. "ಪ್ರಳಯ ಅಂತೆ ದೊಡ್ಡಮ್ಮ, ಇವತ್ತು ಹೋಗ್ಲೇಬೇಕಾ?" ಎಂದು ಸುಮ್ನೆ ಕೆಣಕಿದೆ. ಅವರು ಟಿವಿ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡಿದರು. "ಶುಕ್ರವಾರ. ಹತ್ತೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಮನೆ ಬಿಡಬೇಕು, ಚೀಲ ಎಲ್ಲೋ ಇಟ್ಟೆಯಲ್ಲ, ಕೊಡು" ಅಂದರು. ಹೋದರು. ಮಧ್ಯಾಹ್ನ ಬಂದರು. ಆ ಹೊತ್ತಿಗೆ ಟಿವಿಯವರು ಪ್ರಳಯ ಸಂಜೆಗೆ ಮುಂದೂಡಿದ್ದರು.

ಮಾಯಾ ಲೆಕ್ಕಿಗರು ಅವತ್ತು ನಮ್ಮ ಮನೆಗೆ ಬಂದಿದ್ದರೆ ಟಿವಿಯವರ ಮಾತಿಗಿಂತ ದೊಡ್ಡಮ್ಮನ ಮಾತೇ ಅವರಿಗೆ ಅರ್ಥವಾಗುತ್ತಿತ್ತು ಎಂದು ನನ್ನ ನಂಬಿಕೆ. ಅವರ ಪಂಚಾಂಗ ಇದ್ದದ್ದು ಇವತ್ತು ಯಾವ ದಿನ, ಇದರ ಸ್ವಭಾವ ಏನು, ಬಿತ್ತಬಹುದೋ, ಯುದ್ಧಕ್ಕೆ ಹೋಗಬಹುದೋ ಎಂದು ನೋಡಲು. ಅವರ ಕಣ್ಣಿಗೆ ದಿನ ಎಂದರೆ ಹೊರೆ. ಕೋಪಾನ್ ಎಂಬ ಮಾಯಾ ನಗರದಲ್ಲಿ 736ರಲ್ಲಿ ನಿಲ್ಲಿಸಿದ ಒಂದು ಕಲ್ಲುಕಂಬವಿದೆ. ಅದರಲ್ಲಿ ತಾರೀಖನ್ನು ಬರೀ ಅಂಕಿಯಲ್ಲಿ ಬರೆದಿಲ್ಲ. ಅಂಕಿಗಳೇ ದೇವರುಗಳಾಗಿ, ಹಣೆಗೆ ಪಟ್ಟಿ ಕಟ್ಟಿ, ಬಕ್ತುನ್ ಕತುನ್‌ಗಳನ್ನು ಬೆನ್ನ ಮೇಲೆ ಹೊತ್ತಿದ್ದಾರೆ. ಗಾಡಿ ಇಲ್ಲದ, ಎತ್ತಿಲ್ಲದ ಸೀಮೆಯಲ್ಲಿ ಎಲ್ಲವನ್ನೂ ಮನುಷ್ಯರೇ ಹೊರಬೇಕಿತ್ತು. ಕಾಲವನ್ನೂ ಹಾಗೇ ಹೊರಿಸಿದರು. ಹೊಸ ವರ್ಷಕ್ಕೂ ಒಬ್ಬ ಹೊರುವವನು ಇದ್ದಾನೆ. 365ನ್ನು 20ರಿಂದ ಭಾಗಿಸಿದರೆ 5 ಉಳಿಯುವುದರಿಂದ ವರ್ಷದ ಮೊದಲ ದಿನಕ್ಕೆ ಬರುವುದು ನಾಲ್ಕೇ ಹೆಸರು. ಆ ನಾಲ್ವರು ಸರದಿಯಲ್ಲಿ ಹೊರುತ್ತಾರೆ. ಹೊರೆ ಇಳಿಸಿದ ಕೂಡಲೇ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ಇದರಲ್ಲಿ ಪ್ರಳಯಕ್ಕೆ ಜಾಗ ಎಲ್ಲಿದೆ? ಪಲೆಂಕೆಯ ಅರಸ ಪಕಾಲ್‌ನ ಗುಡಿಯ ಶಾಸನ ಅವನ ಪಟ್ಟಾಭಿಷೇಕದ ನೆನಪಿನ ದಿನವನ್ನು ಕ್ರಿ.ಶ. 4772ರವರೆಗೂ ಎಣಿಸಿ ಹೇಳುತ್ತದೆ. 2012ಕ್ಕೆ ಎಲ್ಲ ಮುಗಿಯುತ್ತದೆ ಎಂದು ನಂಬಿದವರು ಹಾಗೆ ಬರೆಸುತ್ತಾರೆಯೇ?

ಶುಕ್ರನ ಪುಟಗಳು

ಹೇಗೆ ಸಾಧ್ಯ ಆಯ್ತು ಎನ್ನುವವರಿಗೆ ತೋರಿಸಬೇಕಾದ್ದು ಜರ್ಮನಿಯ ಡ್ರೆಸ್ಡನ್ ಗ್ರಂಥಾಲಯದಲ್ಲಿದೆ. ಅಂಜೂರದ ಜಾತಿಯ ಮರದ ತೊಗಟೆಯಿಂದ ಕಾಗದ ಮಾಡಿ, ಸುಣ್ಣ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ. 1739ರಲ್ಲಿ ವಿಯೆನ್ನಾದಿಂದ ಅಲ್ಲಿಗೆ ಬಂತು. ನೂರಕ್ಕೂ ಹೆಚ್ಚು ವರ್ಷ ಅದರ ಲೆಕ್ಕಗಳು ಯಾರಿಗೂ ಪೂರ್ತಿ ಅರ್ಥವಾಗಲಿಲ್ಲ. ಅದೇ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಅರ್ನ್ಸ್ಟ್ ಫರ್ಸ್ಟೆಮಾನ್ 1880ರ ದಶಕದಲ್ಲಿ ಹಠ ಹಿಡಿದು ಕೂತು ಅಂಕಿಗಳನ್ನು ಬಿಡಿಸಿದರು. ಅಕ್ಷರ ಓದಲು ಬರುವ ಎಷ್ಟೋ ಮೊದಲೇ ಗಣಿತ ಓದಲು ಬಂತು.

ಅದರಲ್ಲಿ ಐದು ಪುಟ ಶುಕ್ರ ಗ್ರಹಕ್ಕೆ. ಶುಕ್ರ ಮುಂಜಾನೆಯಲ್ಲಿ ಮೊದಲು ಕಂಡ ದಿನದಿಂದ ಮತ್ತೆ ಹಾಗೆ ಕಾಣುವವರೆಗೆ ಸರಾಸರಿ 583.92 ದಿನ. ಪುಸ್ತಕ 584 ಅನ್ನುತ್ತದೆ. ಒಂದು ಪುಟಕ್ಕೆ ಒಂದು ಸುತ್ತು. ಐದು ಸುತ್ತಿಗೆ 2,920 ದಿನ, ಅಂದರೆ ಸರಿಯಾಗಿ 365ರ ಎಂಟು ವರ್ಷ. ಇದನ್ನು 13 ಸಲ ಓಡಿಸಿದರೆ 37,960 ದಿನ. ಆಗ ಶುಕ್ರ, 365ರ ವರ್ಷ, 260ರ ಚಕ್ರ ಮೂರೂ ಒಂದೇ ದಿನ ಬಂದು ಕೂಡುತ್ತವೆ. ಇಲ್ಲಿಗೆ ಚಂದದ ಗಣಿತ ಮುಗಿಯಿತು. ಆದರೆ ಆ 0.08 ದಿನದ ವ್ಯತ್ಯಾಸ 65 ಸುತ್ತಿನಲ್ಲಿ ಐದು ದಿನಕ್ಕೆ ಬೆಳೆಯುತ್ತದೆ. ಆಕಾಶ ಪುಸ್ತಕದ ಮಾತು ಕೇಳುವುದಿಲ್ಲ. ಅದು ಅವರಿಗೆ ಗೊತ್ತಿತ್ತು. ಮುನ್ನುಡಿಯಂಥ ಒಂದು ಪುಟದಲ್ಲಿ, ಲೆಕ್ಕವನ್ನು ಕೆಲವು ದಿನ ಹಿಂದಕ್ಕೆ ಎಳೆದು ಮತ್ತೆ ಶುರು ಮಾಡಲು ಅಂಕಿಗಳನ್ನು ಕೊಟ್ಟಿದ್ದಾರೆ. ನನಗೆ ಇಡೀ ಮಾಯಾ ನಾಗರಿಕತೆಯಲ್ಲಿ ಜಾಸ್ತಿ ಖುಷಿ ಕೊಡುವ ಪುಟ ಅದು. 584 ಎಂದು ಕಂಡುಹಿಡಿಯಲು ಒಬ್ಬ ಜಾಣ ಸಾಕು. ತಪ್ಪು ಎಷ್ಟು, ಯಾವಾಗ ಸರಿಮಾಡಬೇಕು ಎಂದು ತಿಳಿಯಲು ಅಜ್ಜ ಬರೆದಿಟ್ಟದ್ದನ್ನು ಮೊಮ್ಮಗ ನೋಡಬೇಕು, ಅವನ ಮೊಮ್ಮಗ ಮತ್ತೆ ನೋಡಬೇಕು. ಮೋಡ ಕವಿದ ಮಳೆಗಾಲಗಳನ್ನು ದಾಟಿ ದಾಖಲೆ ಉಳಿಯಬೇಕು.

ಇನ್ನೊಂದು ಸ್ವಾರಸ್ಯ. ಶುಕ್ರ ಮುಂಜಾನೆ ಕಾಣುವುದೂ ಸಂಜೆ ಕಾಣುವುದೂ ನಿಜದಲ್ಲಿ ಹೆಚ್ಚು ಕಡಿಮೆ ಸಮ, ತಲಾ 263 ದಿನದ ಆಸುಪಾಸು. ಪುಸ್ತಕ ಮಾತ್ರ 236 ದಿನ ಮುಂಜಾನೆ, 90 ದಿನ ಮರೆ, 250 ದಿನ ಸಂಜೆ, 8 ದಿನ ಮರೆ ಅನ್ನುತ್ತದೆ. ಮೊದಲ ಮೂರು ಆಕಾಶಕ್ಕೆ ಹೊಂದುವುದಿಲ್ಲ. ಕೊನೆಯ 8 ಮಾತ್ರ ಸರಿ. ಅಷ್ಟು ಕರಾರುವಾಕ್ಕಾದವರು ಇದನ್ನು ನೋಡದೆ ಬಿಟ್ಟರೆ? ಇಲ್ಲ. ಅವರಿಗೆ ಬೇಕಾಗಿದ್ದದ್ದು ಆ 8 ದಿನದ ನಂತರದ ಬೆಳಗು. ಪುಟದ ಚಿತ್ರ ನೋಡಿದರೆ ಗೊತ್ತಾಗುತ್ತದೆ. ಶುಕ್ರ ದೇವತೆ ಈಟಿ ಎಸೆಯುತ್ತಿದ್ದಾನೆ, ಕೆಳಗೆ ಚುಚ್ಚಿಸಿಕೊಂಡವರು ಬಿದ್ದಿದ್ದಾರೆ. ಮೊದಲ ಬೆಳಗಿನ ಶುಕ್ರ ಅಪಾಯ. ಅದು ಯಾವತ್ತು ಎಂದು ಮೊದಲೇ ತಿಳಿದಿರಬೇಕು. ಉಳಿದ ಅಂಕಿಗಳನ್ನು ಚಂದ್ರನ ತಿಂಗಳಿಗೋ ವಿಧಿಗಳಿಗೋ ಹೊಂದಿಸಿಕೊಂಡಂತಿದೆ. ಇದನ್ನು ವಿಜ್ಞಾನ ಅನ್ನಬೇಕೋ ಭಯ ಅನ್ನಬೇಕೋ? ನಮ್ಮ ಇಂದಿನ ಡಬ್ಬಿಗಳಲ್ಲಿ ಇದು ಕೂರುವುದಿಲ್ಲ. ಅದೇ ಪುಸ್ತಕದ ಗ್ರಹಣದ ಪಟ್ಟಿ 405 ಚಾಂದ್ರಮಾನ ತಿಂಗಳಿಗೆ 11,960 ದಿನ ಅನ್ನುತ್ತದೆ. ಇಂದಿನ ಲೆಕ್ಕಕ್ಕೂ ಅದಕ್ಕೂ ಇರುವ ವ್ಯತ್ಯಾಸ 33 ವರ್ಷದಲ್ಲಿ ಮೂರು ಗಂಟೆಗಿಂತ ಕಡಿಮೆ.

ಅವರು ಕೆಲಸ ಮಾಡುತ್ತಿದ್ದ ಕೋಣೆಯೊಂದೂ ಸಿಕ್ಕಿದೆ. ಗ್ವಾಟೆಮಾಲಾದ ಶುಲ್ತುನ್‌ನಲ್ಲಿ, 9ನೇ ಶತಮಾನದ ಶುರುವಿನದ್ದು. ಗೋಡೆಯ ಮೇಲೆ ಚಂದ್ರನ ಲೆಕ್ಕಗಳು. ಗೀಚಿ, ಮೇಲೆ ತೆಳುವಾಗಿ ಗಾರೆ ಬಳಿದು, ಮತ್ತೆ ಗೀಚಿದ್ದಾರೆ. ಈ ಸಂಶೋಧನೆ ಪ್ರಕಟವಾದದ್ದು 2012ರ ಮೇ ತಿಂಗಳಲ್ಲಿ. ಟಿವಿಯಲ್ಲಿ ಪ್ರಳಯ ಓಡುತ್ತಿದ್ದ ಅದೇ ವರ್ಷ. ಆ ಸುದ್ದಿ ನಮ್ಮ ಗುಂಪಿಗೆ ಬರಲಿಲ್ಲ.

ಸುಟ್ಟವನು, ಬರೆದಿಟ್ಟವನು

ಇಂಥ ಪುಸ್ತಕ ಈಗ ಉಳಿದಿರುವುದು ನಾಲ್ಕೇ. ಡ್ರೆಸ್ಡನ್, ಮ್ಯಾಡ್ರಿಡ್, ಪ್ಯಾರಿಸ್, ಮೆಕ್ಸಿಕೊ. ಎಷ್ಟೋ ಪುಸ್ತಕ ಹವೆಗೆ ಹಾಳಾದವು. ಕೆಲವು ಸುಟ್ಟುಹೋದವು. 1562ರ ಜುಲೈನಲ್ಲಿ ಮಾನಿ ಎಂಬ ಊರಿನಲ್ಲಿ ಪುಸ್ತಕಗಳಿಗೂ ವಿಗ್ರಹಗಳಿಗೂ ಬೆಂಕಿ ಇಟ್ಟವನು ಆಗಲೇ ಹೇಳಿದ ಡಿಯೆಗೋ ಡಿ ಲಾಂಡಾ. ಸೈತಾನನ ಸುಳ್ಳುಗಳಲ್ಲದೆ ಬೇರೇನೂ ಇರಲಿಲ್ಲ, ಎಲ್ಲ ಸುಟ್ಟೆವು, ಅದಕ್ಕೆ ಅವರು ಬಹಳ ನೊಂದುಕೊಂಡರು ಎಂದು ಅವನೇ ಬರೆದಿದ್ದಾನೆ. ಅದಕ್ಕೂ ಮೊದಲು ವಿಗ್ರಹಗಳನ್ನು ಎಲ್ಲಿಟ್ಟಿದ್ದೀರಿ ಎಂದು ಜನರಿಗೆ ಚಿತ್ರಹಿಂಸೆ ಕೊಟ್ಟಿದ್ದ. ಸ್ಪೇನಿನವರಿಗೇ ಇದು ಅತಿ ಅನ್ನಿಸಿ ವಿಚಾರಣೆಗೆ ಕರೆಸಿಕೊಂಡರು. ಅಲ್ಲಿ ಕೂತು ಅವನು ಚಿಚೆನ್ ಇಟ್ಸಾ ಇರುವ ಯುಕಾಟಾನ್ ಸೀಮೆಯ ಬಗ್ಗೆ ದೊಡ್ಡ ವಿವರಣೆ ಬರೆದ. ತಿಂಗಳ ಹೆಸರು, ದಿನದ ಹೆಸರು, ಹಬ್ಬ, ಆಹಾರ, ಕೊನೆಗೆ ಮಾಯಾ "ಅಕ್ಷರಮಾಲೆ" ಕೂಡ. ಅವನು ಸ್ಪ್ಯಾನಿಷ್ ಅಕ್ಷರದ ಹೆಸರು ಹೇಳಿದರೆ, ಬರೆಯಲು ಬಲ್ಲ ಮಾಯಾ ಮನುಷ್ಯ ಆ ಸದ್ದಿಗೆ ತಕ್ಕ ಗುರುತು ಬರೆದುಕೊಟ್ಟ. ಕೇಳಿದವನು ಅಕ್ಷರ ಕೇಳಿದ, ಕೊಟ್ಟವನು ಕಾಗುಣಿತ ಕೊಟ್ಟ. ಇಬ್ಬರಿಗೂ ಏನೋ ತಪ್ಪುತ್ತಿದೆ ಅನ್ನಿಸಿರಬೇಕು. ಒಂದು ವಾಕ್ಯ ಬರೆ ಎಂದಾಗ ಅವನು ಬರೆದದ್ದು "ಮಾ ಇನ್ ಕತಿ". ಅಂದರೆ "ನನಗೆ ಬೇಡ". ಅದೂ ಆ ಪುಸ್ತಕದಲ್ಲಿ ಹಾಗೇ ಉಳಿದಿದೆ.

ಆ ಪಟ್ಟಿಯನ್ನು ಹಿಡಿದು 1952ರಲ್ಲಿ ಲೆನಿನ್‌ಗ್ರಾಡ್‌ನ ಯೂರಿ ಕ್ನೊರೊಜೊವ್ ಮಾಯಾ ಲಿಪಿ ಓದುವ ಬಾಗಿಲು ತೆರೆದರು. ಇವು ಅಕ್ಷರವಲ್ಲ, ವ್ಯಂಜನ-ಸ್ವರ ಕೂಡಿದ ಗುರುತುಗಳು ಎಂದರು. ಅವರು ಮಾಯಾ ಸೀಮೆಗೆ ಕಾಲಿಟ್ಟದ್ದು 1990ರಲ್ಲಿ. ಎರಿಕ್ ಥಾಂಪ್ಸನ್ ಎಂಬ ದೊಡ್ಡ ವಿದ್ವಾಂಸರು ಸಾಯುವವರೆಗೂ ಒಪ್ಪಲಿಲ್ಲ. ಶಾಸನಗಳಲ್ಲಿ ಇರುವುದು ಅರಸರ ಹುಟ್ಟು, ಪಟ್ಟ, ಸಾವು ಎಂದು 1960ರಲ್ಲಿ ತೋರಿಸಿದವರು ತಾತಿಯಾನಾ ಪ್ರೊಸ್ಕೂರಿಯಾಕೊಫ್. ಅಲ್ಲಿಯವರೆಗೆ ಆ ಶಾಸನಗಳಲ್ಲಿ ಇರುವುದು ಗ್ರಹಗತಿ ಮತ್ತು ಕಾಲದ ಪೂಜೆ ಮಾತ್ರ ಎಂದೇ ಹೆಚ್ಚಿನವರು ನಂಬಿದ್ದರು.

ಸುಣ್ಣದ ನೀರು

ಸಾಧನೆ ಎಂದರೆ ನಮಗೆ ಕಲ್ಲು, ಎತ್ತರ, ಗ್ರಹ. ನನ್ನ ಪಟ್ಟಿಯಲ್ಲಿ ಒಂದು ಪಾತ್ರೆಯೂ ಇದೆ. ಆ ಸೀಮೆಯ ಹೆಂಗಸರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಸಿಪ್ಪೆ ತೊಳೆದು ಅರೆಯುತ್ತಾರೆ. ಹಾಗೆ ಮಾಡಿದರೆ ಕಾಳಿನಲ್ಲಿ ಕಟ್ಟಿಹಾಕಿಕೊಂಡಿರುವ ನಿಯಾಸಿನ್ ಎಂಬ ವಿಟಮಿನ್ ಮೈಗೆ ಹತ್ತುತ್ತದೆ. ಯುರೋಪಿನವರು ಜೋಳ ಕೊಂಡುಹೋದರು, ಸುಣ್ಣ ಬಿಟ್ಟರು. ಜೋಳವನ್ನೇ ನೆಚ್ಚಿಕೊಂಡ ಇಟಲಿಯ ಬಡವರಿಗೆ ಪೆಲಾಗ್ರ ರೋಗ ಹಿಡಿಯಿತು, ಚರ್ಮ ಸುಲಿಯಿತು, ಬುದ್ಧಿ ಕೆಟ್ಟಿತು. ಕಾರಣ ತಿಳಿಯಲು 20ನೇ ಶತಮಾನ ಬರಬೇಕಾಯಿತು. (ಸೋಮನಾಥಪುರದ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಇರುವುದು ಮೆಕ್ಕೆಜೋಳದ ತೆನೆ, ಹಾಗಾಗಿ 13ನೇ ಶತಮಾನದಲ್ಲೇ ಅಲ್ಲಿಗೂ ಇಲ್ಲಿಗೂ ಹಡಗು ಓಡುತ್ತಿತ್ತು ಎಂಬ ವಾದವೂ ಇದೆ. ಹೆಚ್ಚಿನ ವಿದ್ವಾಂಸರು ಒಪ್ಪಿಲ್ಲ. ದಾವಣಗೆರೆ, ಹಾವೇರಿಯ ಹೊಲಗಳಲ್ಲಿ ಈಗ ನಿಂತಿರುವ ಮೆಕ್ಕೆಜೋಳದ ಮೂಲ ಮಾತ್ರ ಖಂಡಿತ ಅತ್ತ ಕಡೆಯದೇ.)

ಎಲ್ಲೂ ಹೋಗಲಿಲ್ಲ

9ನೇ ಶತಮಾನದಲ್ಲಿ ದಕ್ಷಿಣದ ನಗರಗಳು ಒಂದೊಂದಾಗಿ ಬರಿದಾದದ್ದು ನಿಜ. ಮಳೆ ಕೈಕೊಟ್ಟಿತು ಎಂದು ಕೆರೆಯ ತಳದ ಮಣ್ಣು ಹೇಳುತ್ತದೆ. ಯುದ್ಧ ಹೆಚ್ಚಿತ್ತು. ಟಿಕಾಲ್‌ನ ಕೊನೆಯ ತಾರೀಖಿನ ಕಂಬ 869ರದ್ದು. ಉದ್ದ ಲೆಕ್ಕದ ಕೊನೆಯ ಶಾಸನ 909ರದ್ದು, ತೊನಿನಾದಲ್ಲಿ. ಅರಸರು ಹೋದರು. ಮಳೆ ತರಿಸುತ್ತೇನೆ ಎಂದು ರಕ್ತ ಕೊಟ್ಟವರು ಮಳೆ ತರಿಸದಿದ್ದರೆ ಜನ ಎಷ್ಟು ದಿನ ಕಲ್ಲು ಹೊರುತ್ತಾರೆ? ಆದರೆ ಅರಸೊತ್ತಿಗೆ ಮುಗಿಯುವುದೂ ಜನ ಮುಗಿಯುವುದೂ ಒಂದೇ ಅಲ್ಲ. ಚಿಚೆನ್ ಇಟ್ಸಾ ಮೇಲೆದ್ದದ್ದೇ ಆಗ. ಕೊನೆಯ ಮಾಯಾ ರಾಜ್ಯ, ಸರೋವರದ ನಡುಗಡ್ಡೆಯ ನೊಹ್‌ಪೆತೆನ್, ಸ್ಪೇನಿನವರ ಕೈಗೆ ಬಿದ್ದದ್ದು 1697ರಲ್ಲಿ. ನಮ್ಮ ಕಡೆ ಚಿಕ್ಕದೇವರಾಜ ಒಡೆಯರು ಮೈಸೂರು ಆಳುತ್ತಿದ್ದ ಕಾಲ ಅದು. ಪುರಾತನ ಅನ್ನುವಷ್ಟು ಹಿಂದಿನದಲ್ಲ.

ಇವತ್ತು ಸುಮಾರು 30 ಮಾಯಾ ಭಾಷೆಗಳಿವೆ. ಯುಕಾಟಾನ್ ಕಡೆಯ ಮಾಯಾ ಭಾಷೆಯನ್ನೇ 7 ಲಕ್ಷಕ್ಕೂ ಹೆಚ್ಚು ಜನ ಆಡುತ್ತಾರೆ. ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದಲ್ಲಿ ಎರಡು ಲಕ್ಷ ಜನ ಸತ್ತರು ಇಲ್ಲವೇ ಕಾಣೆಯಾದರು. ಗುರುತು ಸಿಕ್ಕ ಬಲಿಪಶುಗಳಲ್ಲಿ 83 ಶೇಕಡ ಮಾಯಾ ಜನ ಎಂದು ಸತ್ಯಶೋಧನಾ ಆಯೋಗ 1999ರಲ್ಲಿ ಹೇಳಿತು. ಆ ಜನರನ್ನೇ "ನಿಗೂಢವಾಗಿ ಮಾಯವಾದವರು" ಎಂದು ನಾವು ಫಾರ್ವರ್ಡ್ ಮಾಡುತ್ತೇವೆ. ಕಾಣೆ ಮಾಡಲು ನೋಡಿದವರು ಇದ್ದರು. ಅವರ ಹೆಸರು, ಬಂದೂಕು, ಸಮವಸ್ತ್ರ ಯಾವುದೂ ನಿಗೂಢವಲ್ಲ.

ಅಲ್ಲಿನ ಬೆಟ್ಟದ ಊರುಗಳಲ್ಲಿ, ಮೊಮೊಸ್ಟೆನಾಂಗೊದಂಥ ಕಡೆ, ಅಹ್‌ಕಿಹ್ ಎಂದು ಕರೆಯುವ ದಿನ ನೋಡುವವರು ಇದ್ದಾರೆ. ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ. ಕೆಂಪು ಬೀಜಗಳನ್ನು ಹರಡಿ ದಿನಗಳನ್ನು ಎಣಿಸಿ ಮದುವೆ, ಕಾಯಿಲೆ, ಜಗಳಕ್ಕೆ ಉತ್ತರ ಹೇಳುತ್ತಾರೆ. 260 ದಿನ ಏಕೆ ಎಂದರೆ ಮಗು ಹೊಟ್ಟೆಯಲ್ಲಿರುವ ಕಾಲ ಅನ್ನುತ್ತಾರೆ. 260 ದಿನಕ್ಕೊಮ್ಮೆ, 8 ಬಾತ್ಸ್ ದಿನ, ಹೊಸಬರಿಗೆ ದೀಕ್ಷೆ. ಮಾಯಾ ಸೀಮೆಯಲ್ಲಿ ಈ ಎಣಿಕೆಯ ಅತಿ ಹಳೆಯ ಗುರುತು ಸಾನ್ ಬಾರ್ತೊಲೊ ಎಂಬಲ್ಲಿ ಗೋಡೆಚಿತ್ರದ ಚೂರೊಂದರ ಮೇಲೆ ಸಿಕ್ಕಿದೆ: "7 ಜಿಂಕೆ". ಕ್ರಿ.ಪೂ. 300ರಿಂದ 200ರ ನಡುವಿನದ್ದು. ಬೆಟ್ಟದ ಈ ಜನ ಇವತ್ತು ಹೇಳುವ ದಿನವೂ, ವಿದ್ವಾಂಸರು ಶಾಸನ ಮತ್ತು ಸ್ಪ್ಯಾನಿಷ್ ದಾಖಲೆಗಳಿಂದ ಲೆಕ್ಕ ಹಾಕಿದ ದಿನವೂ ಒಂದೇ. ಪುಸ್ತಕ ಸುಟ್ಟ ಮೇಲೂ, ಸೈನ್ಯ ಬಂದ ಮೇಲೂ ಒಂದು ದಿನ ಕೂಡ ತಪ್ಪಿಲ್ಲ.

2012ರ ಆ ಶುಕ್ರವಾರ ಅವರ ಲೆಕ್ಕದಲ್ಲಿ 4 ಅಹ್‌ಪು. ಟಿಕಾಲ್‌ನಲ್ಲಿ ಜಗದ ಅಂತ್ಯ ನೋಡಲು ಬಂದ ಪ್ರವಾಸಿಗರು ಹತ್ತಬಾರದ ಎರಡನೇ ದೇವಾಲಯ ಹತ್ತಿ ಮೆಟ್ಟಿಲು ಹಾಳು ಮಾಡಿದರು ಎಂದು ಸುದ್ದಿ ಬಂತು. ಮಾರನೇ ದಿನ 5 ಇಮೋಶ್. ದಿನ ನೋಡುವವರು ಎಂದಿನಂತೆ ಬೀಜ ಹರಡಿದರು, ಬಂದವರಿಗೆ ಉತ್ತರ ಹೇಳಿದರು. ಮುಂದಿನ ಮಾರ್ಚ್‌ನಲ್ಲಿ ಮಾವ ಮತ್ತೆ ವಿಡಿಯೊ ಕಳಿಸಿದರು.